ಎಂಟನೇ ಹಂತದ ಬಾಗಿಲು

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಟ್ಟಿದ್ದರು. ತೋಟಕ್ಕೆ ಇಳಿಯುವಂತಿರಲಿಲ್ಲ. ಸೋಮವಾರಪೇಟೆ ಹತ್ತಿರದ ನಮ್ಮ ಮನೆಯಲ್ಲಿ ಒಲೆ ಮೇಲಿನ ಅಟ್ಟದಿಂದ ಹಳೇ ಬಿಸ್ಕತ್ತಿನ ಡಬ್ಬ ಇಳಿಸಿದೆ. ಒಳಗೆ ಅಣ್ಣನ ಕೈಬರಹದ ಆರು ಫ್ಲಾಪಿ, ಹಳೇ ಕಂಪ್ಯೂಟರಿನ ಫೈಲು ತುಂಬಿಡುವ ತಟ್ಟೆಗಳು.

ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಲೋಹದ ಮುಚ್ಚಳ ಸರಿಸಿ ನೋಡಿದರೆ ನಾಲ್ಕು ಫ್ಲಾಪಿಗಳ ತಟ್ಟೆಯ ಮೇಲೆ ಬಿಳಿ ಮಚ್ಚೆ. ಅವನ್ನು ಪಕ್ಕಕ್ಕಿಟ್ಟೆ, ಆ ಬೂಷ್ಟು ಡ್ರೈವಿನ ಹೆಡ್ಡಿಗೆ ಅಂಟಿದರೆ ಚೆನ್ನಾಗಿರುವುದೂ ಕೆಡುತ್ತದೆ. ಯುಎಸ್‌ಬಿ ಫ್ಲಾಪಿ ಡ್ರೈವ್ ಐದನೆಯದನ್ನು ಕರಕರ ತಿರುಗಿಸಿ ಕೈಬಿಟ್ಟಿತು. ಆರನೆಯದು ಓದಿತು. ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ಕಂಪ್ಯೂಟರ್ ಆಟ, ಪ್ರಿನ್ಸ್ ಆಫ್ ಪರ್ಷಿಯಾ!

ವಿಂಡೋಸ್‌ಗಿಂತ ಮುಂಚೆ ಪಿಸಿಗಳನ್ನು ನಡೆಸುತ್ತಿದ್ದುದು ಡಾಸ್. ಇವತ್ತಿನ ವಿಂಡೋಸ್‌ಗೆ ಆ ಕಾಲದ ಡಾಸ್ ಆಟ ಅರ್ಥವಾಗದು. ಡಾಸ್‌ಬಾಕ್ಸ್ ಎಂಬ ಉಚಿತ ಎಮ್ಯುಲೇಟರ್ ಹಳೇ ಪಿಸಿಯನ್ನು, ಅದರ ಸದ್ದು ಹೊರಡಿಸುವ ಸೌಂಡ್ ಬ್ಲಾಸ್ಟರ್ ಕಾರ್ಡನ್ನೂ ಸೇರಿಸಿ, ಸಾಫ್ಟ್‌ವೇರ್‌ನಲ್ಲೇ ಕಟ್ಟಿಕೊಡುತ್ತದೆ. ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಮೌಂಟ್ ಆಜ್ಞೆಯಿಂದ ಆ ಫೋಲ್ಡರನ್ನು ಸಿ ಡ್ರೈವ್ ಎಂದು ತೋರಿಸಿ, ಪ್ರಿನ್ಸ್ ಎಂದು ಟೈಪಿಸಿದೆ. ಪರದೆ ಕಪ್ಪಾಗಿ, ಸಂಗೀತ ಬಂತು. ನಮ್ಮ ಹಳೇ ಕಂಪ್ಯೂಟರಿನಲ್ಲಿ ಬರೀ ಬೀಪ್ ಇತ್ತು. ಅದೇ ಆಟ ಹೀಗೆ ಹಾಡುತ್ತದೆಂದು ಇಷ್ಟು ವರ್ಷ ಗೊತ್ತಿರಲಿಲ್ಲ.

ಅಣ್ಣನಿಗೆ ಫೋನ್ ಹಚ್ಚಿ ಲೌಡ್‌ಸ್ಪೀಕರಿಗೆ ಹಾಕಿದೆ. ಈ ಆಟವನ್ನು 1989ರಲ್ಲಿ ತಂದ ಜೋರ್ಡನ್ ಮೆಕ್ನರ್, ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಚಿತ್ರ ನೋಡಿ ರಾಜಕುಮಾರನ ನಡೆ ಬರೆದಿದ್ದ. ಅಂಚಿಗೆ ಜೋತು ಬಿದ್ದು ಮೈ ಎತ್ತುವಾಗ ಅವನ ಭಾರ ಈಗಲೂ ನನ್ನ ತೋಳಿಗೆ ತಾಗುತ್ತದೆ.

60 ನಿಮಿಷದಲ್ಲಿ ರಾಜಕುಮಾರಿಯನ್ನು ಬಿಡಿಸಬೇಕು. ನಮಗೆ ಅಷ್ಟು ಹೊತ್ತು ಕರೆಂಟು ಸಿಕ್ಕಿದ್ದೇ ಅಪರೂಪ. ತಂತಿ ಮೇಲೆ ಸಿಲ್ವರ್ ಮರ ಬಿದ್ದರೆ ಮೂರು ದಿನ ಕತ್ತಲೆ. ಮೂರನೇ ಹಂತದಿಂದ ಕಂಟ್ರೋಲ್ ಜಿ ಒತ್ತಿ ಆಟ ಉಳಿಸಿಕೊಳ್ಳಬಹುದೆಂದು ಹೇಳಿಕೊಡುವವರಿರಲಿಲ್ಲ. ಪ್ರತಿ ಸಲ ಮೊದಲಿಂದ. ಒಮ್ಮೆ ಮಾತ್ರ ಎಂಟನೇ ಹಂತ ಮುಟ್ಟಿದ್ದೆವು. ಹಿಂದೆ ಬಾಗಿಲು ಮುಚ್ಚಿಕೊಂಡಿತು, ಮುಂದೆ ದಾರಿಯಿಲ್ಲ. ಆಟವೇ ಕೆಟ್ಟಿದೆಯೆಂದು ಅಣ್ಣ ಕೀಬೋರ್ಡು ಗುದ್ದುವಷ್ಟರಲ್ಲಿ ಕರೆಂಟು ಹೋಯಿತು.

ಈ ಸಲವೂ ಐದನೇ ಹಂತದಲ್ಲಿ ದೀಪ ಆರಿತು. ಲ್ಯಾಪ್‌ಟಾಪಿನ ಬ್ಯಾಟರಿ ಕೈಬಿಡಲಿಲ್ಲ. ಎಂಟನೆಯದರಲ್ಲಿ ಮತ್ತದೇ ಬಾಗಿಲು ಮುಚ್ಚಿತು.

"ಏನಾಯ್ತೋ?" ಅಂದ ಅಣ್ಣ.

"ಸಿಕ್ಕಿಹಾಕಿಕೊಂಡೆ. ಸುಮ್ಮನೆ ನಿಂತಿದ್ದೀನಿ."

ಹಂಚಿನ ಮೇಲೆ ಮಳೆ ಬಡಿಯುತ್ತಿತ್ತು. ಮಗಳು ಪರದೆಗೆ ಮೂಗು ತಾಗಿಸಿ ಕೂತಿದ್ದಳು.

"ಅಪ್ಪಾ, ಇಲಿ!"

ರಾಜಕುಮಾರಿಯ ಹತ್ತಿರವಿದ್ದ ಬಿಳಿ ಇಲಿ. ಪುಟುಪುಟು ಓಡಿಬಂದು ಕಲ್ಲನ್ನು ತುಳಿಯಿತು. ಬಾಗಿಲು ಮೇಲೆದ್ದಿತು.

ಫೋನಿನಲ್ಲಿ ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: "ಎಷ್ಟು ನಿಮಿಷ ಉಳಿದಿದೆ?"