ಪವನಾದಲ್ಲಿ ಹಾಯಿದೋಣಿ ರೇಸು, ರಾತ್ರಿಗೆ ಟೆಂಟು

ಹೆಸರಲ್ಲೇ ಪವನ ಇದ್ದರೂ ಫೆಬ್ರವರಿಯ ಬೆಳಗ್ಗೆ ಪುಣೆ ಹತ್ತಿರದ ಪವನಾ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಎಲೆ ಅಲುಗುವುದು ಕಷ್ಟ. ಪುಣೆಯಿಂದ ಹೊರಡುವವರು ಎಡವುವುದೇ ಇಲ್ಲಿ: ಶನಿವಾರ ಊಟ-ಹರಟೆ, ಭಾನುವಾರ ಏಳಕ್ಕೆ ರೇಸು ಅಂತ ಇಟ್ಟುಕೊಳ್ಳುತ್ತಾರೆ. ಏಳಕ್ಕೆ ನೀರು ಕನ್ನಡಿ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಸಾಮಾನ್ಯವಾಗಿ ಪಶ್ಚಿಮದಿಂದ ಗಾಳಿ ಏಳುತ್ತದೆ, ಹೊತ್ತು ಇಳಿದಂತೆ ಸಾಯುತ್ತದೆ. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆಯನ್ನೇ ಟೈಮ್‌ಟೇಬಲ್ ಮಾಡಿಕೊಳ್ಳಿ. ಶನಿವಾರ ಒಂದೂವರೆಗೆ ಮೊದಲ ರೇಸು, ಐದರೊಳಗೆ ಮೂರು. ಭಾನುವಾರ ಹನ್ನೊಂದಕ್ಕೆ ಮುಂಚೆ ಏನೂ ಬೇಡ.

ಇದಕ್ಕೂ ಮೊದಲು ಅನುಮತಿ. ಅಣೆಕಟ್ಟು ಜಲಸಂಪನ್ಮೂಲ ಇಲಾಖೆಯದು, ಟೆಂಟು ಹಾಕುವ ದಡ ಯಾರದೋ ಹೊಲ. ಇಬ್ಬರನ್ನೂ ಕೇಳಿಯೇ ಇಳಿಯಬೇಕು.

ಮಾರ್ಕ್‌ಗೆ, ಅಂದರೆ ದೋಣಿಗಳು ಸುತ್ತಿ ತಿರುಗುವ ತೇಲುಗುರುತಿಗೆ, 20 ಲೀಟರಿನ ಖಾಲಿ ಎಣ್ಣೆ ಕ್ಯಾನ್ ಸಾಕು. ಮುಚ್ಚಳ ಬಿಗಿಮಾಡಿ ಕಿತ್ತಳೆ ಬಟ್ಟೆ ಸುತ್ತಿ. ಲಂಗರಿಗೆ 15 ಕೆ.ಜಿ. ಮರಳಿನ ಚೀಲ. ಮೀಟರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಮೊದಲು ಆಳ ನೋಡಿ. ಎಂಟು ಮೀಟರ್ ಆಳಕ್ಕೆ ಹನ್ನೆರಡು ಮೀಟರ್ ಹಗ್ಗ ಬೇಕು. ಅಳತೆಗೆ ಸರಿಯಾಗಿ ಕಟ್ಟಿದರೆ ಅಲೆಗೆ ಚೀಲ ಎದ್ದು ಮಾರ್ಕ್ ತೇಲಿಹೋಗುತ್ತದೆ. ಹೆಚ್ಚಿನ ಹಗ್ಗ ಮೇಲೆ ತೇಲಿದರೆ ತಿರುಗುವ ದೋಣಿಯ ತಳದಿಂದ ನೀರಿಗಿಳಿದ ಹಲಗೆಯಾದ ಸೆಂಟರ್‌ಬೋರ್ಡಿಗೆ ಸಿಕ್ಕಿಕೊಳ್ಳುತ್ತದೆ. ಕ್ಯಾನಿನಿಂದ ಎರಡು ಮೀಟರ್ ಕೆಳಗೆ ಒಂದು ಕೆ.ಜಿ. ತೂಕದ ಕಲ್ಲು ಕಟ್ಟಿ, ಹಗ್ಗ ನೇರ ಇಳಿಯುತ್ತದೆ. ಈ ಒಂದು ಕಲ್ಲು ಮರೆತ ರೇಸಿನಲ್ಲಿ ಜಗಳ ಖಾತ್ರಿ.

ಗಾಳಿಗೆದುರಿನ ಮಾರ್ಕನ್ನು ಬೆಟ್ಟದ ಮರೆಗೆ ಇಡಬೇಡಿ. ತುಂಗ್, ತಿಕೋನಾ ಬೆಟ್ಟಗಳನ್ನು ಸುತ್ತಿ ಬರುವ ಗಾಳಿ ದಿಕ್ಕು ಬದಲಿಸುತ್ತಲೇ ಇರುತ್ತದೆ, ಮರೆಯಲ್ಲಂತೂ ಪೂರ್ತಿ ನಿಲ್ಲುತ್ತದೆ. ನಡುನೀರಿನಲ್ಲಿ ಮಾರ್ಕುಗಳ ನಡುವೆ 400 ಮೀಟರ್ ಅಂತರ, ಎರಡು ಸುತ್ತು ಸಾಕು. ಎಂಟು ದೋಣಿಗೆ 50 ಮೀಟರ್ ಸ್ಟಾರ್ಟ್ ಲೈನ್. ಎಲ್ಲರೂ ಲೈನಿನ ಬಲತುದಿಯಲ್ಲಿ ನಿಂತು ಸ್ಟಾರ್ಟ್ ಕೊಡುವ ಕಮಿಟಿ ದೋಣಿಯ ಪಕ್ಕಕ್ಕೇ ನುಗ್ಗುತ್ತಾರೆ. ಲೈನಿನ ಎಡತುದಿಯನ್ನು ಐದು ಡಿಗ್ರಿಯಷ್ಟು ಗಾಳಿಯತ್ತ ಸರಿಸಿದರೆ ಹರಡಿಕೊಳ್ಳುತ್ತಾರೆ. ಸ್ಟಾರ್ಟಿಗೆ ಬಾವುಟದ ಐದು ನಿಮಿಷದ ಶಾಸ್ತ್ರ ಕ್ಲಬ್ಬಿನವರಿಗಿರಲಿ, ಇಲ್ಲಿ ಮೂರು-ಎರಡು-ಒಂದು ನಿಮಿಷದ ಸೀಟಿ ನಡೆಯುತ್ತದೆ. ನಿಯಮ ಎರಡನ್ನಾದರೂ ಬಾಯಿಪಾಠ ಮಾಡಿಸಿ: ಬಲಬದಿಯಿಂದ ಗಾಳಿ ಹಿಡಿದ ದೋಣಿಗೆ ದಾರಿ ಬಿಡಬೇಕು, ಇಬ್ಬರಿಗೂ ಒಂದೇ ಬದಿಯ ಗಾಳಿಯಾದರೆ ಗಾಳಿಯ ಕಡೆ ಇರುವವರು ಬಿಡಬೇಕು.

ದೊಡ್ಡವರ ಒಂಟಿ ದೋಣಿ ಲೇಸರ್ ಪಕ್ಕ ಮಕ್ಕಳ ಪುಟ್ಟ ದೋಣಿ ಆಪ್ಟಿಮಿಸ್ಟ್ ನಿಂತರೆ ಮಗು ಸೋಲುತ್ತದೆ ಅನ್ನಿಸುತ್ತದೆ. ಬೇರೆ ಬೇರೆ ಬಗೆಯ ದೋಣಿಗಳನ್ನು ಸರಿದೂಗಿಸುವ ಪೋರ್ಟ್ಸ್‌ಮತ್ ಲೆಕ್ಕ ಹಾಕಿ: ತೆಗೆದುಕೊಂಡ ಸಮಯವನ್ನು 1000ದಿಂದ ಗುಣಿಸಿ ಆ ಬಗೆಯ ದೋಣಿಗೆ ಗೊತ್ತುಮಾಡಿದ ಸಂಖ್ಯೆಯಿಂದ ಭಾಗಿಸುವುದು. ಲೇಸರ್‌ಗೆ ಸುಮಾರು 1100, ಆಪ್ಟಿಮಿಸ್ಟ್‌ಗೆ ಸುಮಾರು 1640. ಲೇಸರಿನ 30 ನಿಮಿಷ 27.3 ಆಗುತ್ತದೆ, ಆಪ್ಟಿಮಿಸ್ಟಿನ 42 ನಿಮಿಷ 25.6. ಮಗು ಗೆದ್ದಿತು.

ಲೈಫ್ ಜಾಕೆಟ್ ಹಾಕದವರು ನೀರಿಗಿಳಿಯುವಂತಿಲ್ಲ, ಇದರಲ್ಲಿ ದಾಕ್ಷಿಣ್ಯ ಬೇಡ. ನೆರವಿಗೆ ಮೋಟಾರ್ ದೋಣಿ ಒಂದು, ಅದರಲ್ಲಿ ಇಬ್ಬರು. ಎಂಟರ್‌ಪ್ರೈಸ್‌ನಂಥ ಇಬ್ಬರ ದೋಣಿ ಆಳ ಕಡಿಮೆ ಇರುವಲ್ಲಿ ಮಗುಚಿದರೆ ಮಾಸ್ಟ್ (ಹಾಯಿಕಂಬ) ಕೆಳಗಾಗಿ ಕೆಸರಿಗೆ ಚುಚ್ಚಿಕೊಳ್ಳಬಹುದು. ಮಾಸ್ಟ್ ತುದಿಗೆ ಮುಚ್ಚಿದ ಐದು ಲೀಟರ್ ಕ್ಯಾನ್ ಕಟ್ಟಿದರೆ ಅಡ್ಡಕ್ಕೇ ತೇಲುತ್ತದೆ. ಮೋಟಾರ್ ದೋಣಿ, ಮಗುಚಿದ ದೋಣಿಯ ಹತ್ತಿರ ಬಂದೊಡನೆ ಎಂಜಿನ್ ಆರಿಸಬೇಕು.

ಸಂಜೆ ದೋಣಿಗಳನ್ನು ದಡಕ್ಕೆಳೆದು ಹಾಯಿ ಇಳಿಸಿ, ಚುಕ್ಕಾಣಿ ಬಿಚ್ಚಿ ಟೆಂಟಿನೊಳಗಿಡಿ. ನೀರಲ್ಲೇ ಕಟ್ಟಿ ಮಲಗಿದರೆ, ಮಟ್ಟ ಇಳಿದು ಬೆಳಗ್ಗೆ ಕೆಸರಿನಲ್ಲಿ ಕೂತಿರಬಹುದು. ಇಪ್ಪತ್ತು ಜನಕ್ಕೆ ಕುಡಿಯಲು, ಅಡುಗೆಗೆ 20 ಲೀಟರಿನ ನಾಲ್ಕು ಕ್ಯಾನ್ ನೀರು. ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಂದರೆ ಅಲ್ಲಿ ಝುಣಕ ಒಂದು ಬೇಯಿಸಿದರಾಯಿತು. ತಟ್ಟೆ ಮಾತ್ರ ಕೆರೆಯಲ್ಲಿ ತೊಳೆಯಬೇಡಿ, ಪಿಂಪ್ರಿ-ಚಿಂಚವಡದವರು ಕುಡಿಯುವ ನೀರದು.

ಭಾನುವಾರ ಹೊರಡುವ ಮುನ್ನ ಮರಳಿನ ಚೀಲಗಳನ್ನು ಎಣಿಸಿ. ಒಂದು ನೀರಲ್ಲೇ ಉಳಿದರೂ ಅದರ ಹಗ್ಗ ಮೀನುಗಾರರ ಬಲೆಗೆ ಸುತ್ತಿಕೊಳ್ಳುತ್ತದೆ, ಮುಂದಿನ ಸಲ ದಡದಲ್ಲಿ ಯಾರೂ ಜಾಗ ಕೊಡುವುದಿಲ್ಲ.