ಸೀಲ್ ಹೊಡೆದದ್ದು ನಾನೇ

14 ಜೂನ್ 2025, ಶನಿವಾರ

ಇವತ್ತು ಮತ್ತೆ ‘ಪೇಪರ್ಸ್, ಪ್ಲೀಸ್’ ಆಡಿದೆ. ಲೂಕಸ್ ಪೋಪ್ 2013ರಲ್ಲಿ ಹೊರತಂದ ಗೇಮ್. ಇದರಲ್ಲಿ ನಾವು ಒಂದು ಕಲ್ಪಿತ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ನೌಕರ. ಕಾಗದ ಸರಿಯಿದ್ದರೆ ಹಸಿರು ಸೀಲು, ಇಲ್ಲದಿದ್ದರೆ ಕೆಂಪು. ಅಷ್ಟೇ ಕೆಲಸ.

ಒಂದು ದಿನ ಒಬ್ಬ ಬರುತ್ತಾನೆ. ಅವನ ಕಾಗದ ಎಲ್ಲ ಸರಿಯಾಗಿದೆ. ಹಿಂದೆ ನಿಂತಿರುವವಳು ನನ್ನ ಹೆಂಡತಿ, ಸ್ವಲ್ಪ ದಯೆ ತೋರಿಸಿ ಅನ್ನುತ್ತಾನೆ. ಅವಳ ಹತ್ತಿರ ಪ್ರವೇಶ ಪರವಾನಗಿ ಇಲ್ಲ. ವಾಪಸ್ ಕಳಿಸಿದರೆ ಕೊಲ್ಲುತ್ತಾರೆ ಅನ್ನುತ್ತಾಳೆ.

‘ಇದು ಒಳ್ಳೆಯದು, ಇದು ಕೆಟ್ಟದ್ದು’ ಅಂತ ಗೇಮ್ ಎರಡು ಬಟನ್ ತೋರಿಸುವುದಿಲ್ಲ. ದಿನವಿಡೀ ಹೊಡೆಯುತ್ತಿದ್ದ ಅದೇ ಸೀಲು ಕೈಯಲ್ಲಿರುತ್ತದೆ. ದಿನಕ್ಕೆ ಎರಡು ತಪ್ಪಿಗೆ ಬರೀ ಎಚ್ಚರಿಕೆ, ಮೂರನೆಯದರಿಂದ ದಂಡ. ಮನೆಯಲ್ಲಿ ಬಾಡಿಗೆ, ಊಟ, ಔಷಧಿ, ಚಳಿ ಕಾಯಿಸುವ ಖರ್ಚು ಎಲ್ಲ ಇದೇ ಸಂಬಳದಲ್ಲಿ ಆಗಬೇಕು. ಹಾಗಾಗಿ ಅವಳನ್ನು ತಡೆಯುವುದಕ್ಕೆ ನನಗೊಂದು ಕಾರಣ ಇದೆ, ಅದೂ ನ್ಯಾಯವಾದ ಕಾರಣ. ಚುಚ್ಚುವುದೇ ಅದು. ಸುಮ್ನೆ ಕೆಟ್ಟವನಾಗು ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಅಲ್ವಾ?

‘ಬಯೋಶಾಕ್’ (2007) ಅನ್ನುವ ಗೇಮ್ ನನಗೆ ಅಷ್ಟು ತಟ್ಟದೇ ಇರುವುದೂ ಇದಕ್ಕೇ. ಅಲ್ಲಿ ಪುಟ್ಟ ಹುಡುಗಿಯರನ್ನು ಉಳಿಸಿದರೆ, ಕೊಂದಾಗ ಸಿಗುವುದಕ್ಕಿಂತ ಶಕ್ತಿ ಕಮ್ಮಿ ಸಿಗುತ್ತದೆ. ಆದರೆ ಆಮೇಲೆ ಉಡುಗೊರೆ ಬರುತ್ತದೆ, ನಷ್ಟ ಹೆಚ್ಚುಕಮ್ಮಿ ತುಂಬಿಹೋಗುತ್ತದೆ. ಒಳ್ಳೆತನಕ್ಕೆ ಬೆಲೆ ತೆರದಿದ್ದರೆ ಆಯ್ಕೆಗೆ ತೂಕ ಎಲ್ಲಿಂದ ಬರಬೇಕು?

‘ಸ್ಪೆಕ್ ಆಪ್ಸ್: ದ ಲೈನ್’ (2012) ಅನ್ನುವ ಯುದ್ಧದ ಗೇಮ್ ಇನ್ನೊಂದು ತುದಿ. ಜನರನ್ನು ಸುಡುವ ಬಿಳಿ ರಂಜಕ (ವೈಟ್ ಫಾಸ್ಫರಸ್) ಸುರಿಯದೆ ಅಲ್ಲಿ ಕಥೆ ಮುಂದಕ್ಕೆ ಹೋಗುವುದಿಲ್ಲ. ಸುರಿದ ಮೇಲೆ ಸುಟ್ಟುಹೋದ ಜನರ ನಡುವೆ ನಮ್ಮನ್ನು ನಡೆಸುತ್ತದೆ. ನೋಡಿ ಹೊಟ್ಟೆ ತೊಳಸಿತು, ನಿಜ. ಆದರೆ ಬೇರೆ ದಾರಿಯನ್ನೇ ಕೊಡದೆ ‘ನೀನೇ ಮಾಡಿದೆ’ ಅಂದರೆ ಆ ಪಾಪ ನನ್ನದು ಅನ್ನಿಸುವುದಿಲ್ಲ, ಬರೆದವರದ್ದು ಅನ್ನಿಸುತ್ತದೆ. ಇದನ್ನು ತುಂಬಾ ಮೆಚ್ಚುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಟೋಬಿ ಫಾಕ್ಸ್ ಮಾಡಿದ ‘ಅಂಡರ್‌ಟೇಲ್’ (2015) ಇನ್ನೂ ಆಳಕ್ಕೆ ಇಳಿಯುತ್ತದೆ. ಶುರುವಿನಲ್ಲೇ ನಮ್ಮನ್ನು ತಾಯಿಯ ಹಾಗೆ ನೋಡಿಕೊಳ್ಳುವ ಟೊರಿಯಲ್ ದಾರಿಗೆ ಅಡ್ಡ ನಿಲ್ಲುತ್ತಾಳೆ. ಅವಳನ್ನು ಕೊಂದು, ಮನಸ್ಸು ತಡೆಯದೆ ಹಳೇ ಸೇವ್‌ಗೆ, ಅಂದರೆ ಆಟವನ್ನು ಮೊದಲು ಸೇವ್ ಮಾಡಿಟ್ಟ ಹಂತಕ್ಕೆ, ಹೋಗಿ ಅವಳನ್ನು ಉಳಿಸಿದಿರಿ ಅಂದುಕೊಳ್ಳಿ. ನೀನು ಮೊದಲು ಏನು ಮಾಡಿದೆ ಅಂತ ನನಗೆ ಗೊತ್ತು ಅನ್ನುತ್ತದೆ ಫ್ಲವಿ ಎಂಬ ಹೂವು. ಗೇಮ್ ಆಡುವವರು ತಪ್ಪಿಸಿಕೊಳ್ಳುವ ದಾರಿಯೇ ಸೇವ್ ಫೈಲ್. ಅದನ್ನೇ ಸಾಕ್ಷಿ ಮಾಡಿಬಿಟ್ಟಿದ್ದಾರೆ! ಎಲ್ಲರನ್ನೂ ಕೊಂದು ಕಥೆ ಮುಗಿಸಿದವರು, ಆಮೇಲೆ ಶಾಂತಿಯಿಂದ ಆಡಿ ತಲುಪುವ ಕೊನೆಯೂ ಮೊದಲಿನಂತೆ ಇರುವುದಿಲ್ಲ.