ಸಮ್ಮಿಂಗ್ ಮಿಕ್ಸರ್: ಮೊದಲು ಬಸ್, ಆಮೇಲೆ ಆಂಪ್ಲಿಫೈಯರ್

ಹಳೆಯ ಸ್ಟುಡಿಯೋ ಕನ್ಸೋಲ್‌ಗಳ ದನಿ ಬೇಕೆಂದು ಸಮ್ಮಿಂಗ್ ಮಿಕ್ಸರ್ (ಹಲವು ಚಾನೆಲ್‌ಗಳ ಸಿಗ್ನಲ್ ಕೂಡಿಸಿ ಎಡ, ಬಲ ಎಂದು ಎರಡಾಗಿಸುವ ಪೆಟ್ಟಿಗೆ) ಕಟ್ಟಲು ಕೂತವರು ಮೊದಲು ಕೈ ಹಾಕುವುದು ಆಂಪ್ಲಿಫೈಯರ್ ಕಾರ್ಡಿಗೆ. ಹದಿನಾರು ಚಾನೆಲ್‌ಗಳ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಬಿಚ್ಚಿಟ್ಟು ಇಡೀ ದಿನ ಅಳೆದಾಗ ಕಂಡದ್ದು ಬೇರೆ. ಕಾರ್ಡ್ ಚೆನ್ನಾಗಿಯೇ ಇತ್ತು. ಫಲಿತಾಂಶವನ್ನು ಏರಿಸಿ ಇಳಿಸುತ್ತಿದ್ದದ್ದು ಅದರ ಮುಂದಿನ ರೆಸಿಸ್ಟರ್‌ಗಳು.

ಲೆಕ್ಕ ಹೀಗೆ. ಎಡಕ್ಕೆ ಎಂಟು, ಬಲಕ್ಕೆ ಎಂಟು ಬ್ಯಾಲೆನ್ಸ್ಡ್ ಇನ್‌ಪುಟ್, ಅಂದರೆ ಒಂದೇ ಸಿಗ್ನಲ್ ಹಾಟ್, ಕೋಲ್ಡ್ ಎಂಬ ಎರಡು ತಂತಿಗಳಲ್ಲಿ ಒಂದಕ್ಕೊಂದು ತಿರುಗುಮುರುಗಾಗಿ ಬರುವಂಥವು. ಪ್ರತಿಯೊಂದರ ಹಾಟ್‌ಗೂ ಕೋಲ್ಡ್‌ಗೂ ಒಂದೊಂದು 10 ಕಿಲೋಓಮ್ ರೆಸಿಸ್ಟರ್. ಬಸ್ಸಿನ (ಎಲ್ಲ ಚಾನೆಲ್‌ಗಳೂ ಬಂದು ಸೇರುವ ದಾರಿಯ) ಎರಡು ತಂತಿಗಳ ನಡುವೆ ಅಡ್ಡಲಾಗಿ ಷಂಟ್ ಎಂಬ 200 ಓಮ್ ರೆಸಿಸ್ಟರ್. ಒಂದು ಚಾನೆಲ್‌ಗೆ ಉಳಿದ ಏಳೂ (ಪ್ರತಿಯೊಂದೂ 20 ಕಿಲೋಓಮ್) ಸೇರಿ 2,857 ಓಮ್ ಲೋಡ್. ಷಂಟ್ ಜೊತೆ ಪ್ಯಾರಲಲ್ ಆದಾಗ ಸುಮಾರು 187 ಓಮ್. ಸಿಗ್ನಲ್ 40.7 ಡೆಸಿಬೆಲ್ ಇಳಿದು ಮೈಕ್ ಮಟ್ಟಕ್ಕೆ ಬರುತ್ತದೆ. ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ ಮೈಕ್ ಆಂಪ್ಲಿಫೈಯರ್‌ಗೆ ಒಗ್ಗುವ ಮಟ್ಟವೂ ಇಂಪೀಡೆನ್ಸೂ ಇದೇ.

ಷಂಟ್ ತೆಗೆದರೆ ನಷ್ಟ 18 ಡೆಸಿಬೆಲ್ ಮಾತ್ರ, ನಾಯ್ಸ್ ಲೆಕ್ಕದಲ್ಲೂ ಲಾಭವಿದೆ. ಆದರೂ ನನ್ನ ಮತ ಷಂಟ್ ಪರವೇ. ಅದಿಲ್ಲದೆ ಏಳು ಕೇಬಲ್ ಕಿತ್ತರೆ ಉಳಿದ ಒಂದು ಚಾನೆಲ್ ಹೆಚ್ಚುಕಡಿಮೆ 18 ಡೆಸಿಬೆಲ್ ಮೇಲೇರುತ್ತದೆ. ಇದ್ದರೆ ಏರುವುದು 0.6 ಡೆಸಿಬೆಲ್ ಅಷ್ಟೇ. ಬಸ್ಸಿನ ಥರ್ಮಲ್ ನಾಯ್ಸ್ (ರೆಸಿಸ್ಟರ್‌ಗಳು ತಾವೇ ಹುಟ್ಟಿಸುವ ಸದ್ದು) ಸುಮಾರು ಮೈನಸ್ 130 ಡಿಬಿಯು (0.775 ವೋಲ್ಟ್‌ಗೆ ಹೋಲಿಸಿದ ಡೆಸಿಬೆಲ್). ಇಳಿದ 40.7 ಡೆಸಿಬೆಲ್ ತುಂಬುವಷ್ಟು ಗೇನ್ ಕೊಟ್ಟ ಮೇಲೂ ಅದು ಮೈನಸ್ 89ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಂಪ್ಲಿಫೈಯರ್ ತನ್ನದನ್ನು ಒಂದಿಷ್ಟು ಸೇರಿಸುತ್ತದೆ. ಕೆಲಸಕ್ಕೆ ಇದು ಧಾರಾಳ ಸಾಕು.

ಷಂಟ್ ಅನ್ನು ಒಂದೇ 200 ಓಮ್ ಆಗಿ ಹಾಕಬೇಡಿ. ಎರಡು 100 ಓಮ್ ಹಾಕಿ ನಡುವಿನ ಬಿಂದುವನ್ನು ಗ್ರೌಂಡ್‌ಗೆ ಕೊಡಿ. ಇಲ್ಲವಾದರೆ ಸಿಗ್ನಲ್ 40 ಡೆಸಿಬೆಲ್ ಕುಗ್ಗುತ್ತದೆ, ಎರಡೂ ತಂತಿಗಳ ಮೇಲೆ ಸಮನಾಗಿ ಕೂತ ಹಮ್ ಮಾತ್ರ ಅಷ್ಟು ಕುಗ್ಗದೆ ಟ್ರಾನ್ಸ್‌ಫಾರ್ಮರ್‌ವರೆಗೂ ಬರುತ್ತದೆ. ಹಾಟ್ ಮತ್ತು ಕೋಲ್ಡ್ ರೆಸಿಸ್ಟರ್‌ಗಳ ಜೋಡಿ ಹೊಂದಲೇಬೇಕು: ಶೇ. 1ರ ರೆಸಿಸ್ಟರ್ ಹಾಕಿದರೆ ಕೆಟ್ಟ ಪಕ್ಷದಲ್ಲಿ ಹಮ್ ತಡೆಯುವ ಶಕ್ತಿ ಸುಮಾರು 34 ಡೆಸಿಬೆಲ್‌ಗೆ ಇಳಿಯುತ್ತದೆ, ಶೇ. 0.1ರದ್ದಾದರೆ ಸುಮಾರು 54 ಸಿಗುತ್ತದೆ. ದುಡ್ಡು ಸುರಿಯಬೇಕಾದ ಜಾಗ ಇದು.

ಇನ್ನು ಆಂಪ್ಲಿಫೈಯರ್. 24 ವೋಲ್ಟ್ ಸಪ್ಲೈ, ಔಟ್‌ಪುಟ್‌ನಲ್ಲಿ ಕ್ಲಾಸ್ ಎ ವಿಧಾನದಲ್ಲಿ (ಸಿಗ್ನಲ್ ಇರಲಿ ಬಿಡಲಿ, ಸದಾ ಕರೆಂಟ್ ಹರಿಸುತ್ತ) ಓಡುವ ಒಂದೇ 2ಎನ್3055 ಟ್ರಾನ್ಸಿಸ್ಟರ್. ಅದರ ಡಿಸಿ ಕರೆಂಟ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲೇ ಹರಿಯುತ್ತದೆ. ಆದ್ದರಿಂದ ಕಬ್ಬಿಣದ ಕೋರ್‌ನಲ್ಲಿ ಸಣ್ಣ ಗ್ಯಾಪ್ ಇರುವ ಟ್ರಾನ್ಸ್‌ಫಾರ್ಮರೇ ಆಗಬೇಕು. ಗ್ಯಾಪ್ ಇಲ್ಲದ್ದು ಹಾಕಿದರೆ ಕೋರ್ ಸ್ಯಾಚುರೇಟ್ ಆಗಿ ಬಾಸ್ ಸ್ವರಗಳು ಮೊದಲೇ ಒಡೆಯುತ್ತವೆ. ಸ್ಕೋಪ್‌ನಲ್ಲಿ 10 ಕಿಲೋಹರ್ಟ್ಸ್ ಸ್ಕ್ವೇರ್ ವೇವ್‌ನ ಅಂಚಿನಲ್ಲಿ ನಡುಕ ಕಂಡರೆ ಸೆಕೆಂಡರಿಗೆ ಅಡ್ಡಲಾಗಿ 620 ಓಮ್ ಹಾಕಿ ನೋಡಿ. 600 ಓಮ್ ಲೋಡ್ ನೆಚ್ಚಿ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗೆ ಈಗಿನ 10 ಕಿಲೋಓಮ್ ಇನ್‌ಪುಟ್‌ಗಳು ಹಿಡಿತವನ್ನೇ ಕೊಡುವುದಿಲ್ಲ.

ಈ ಬಗೆಯ ಸರ್ಕ್ಯೂಟ್ ಸಪ್ಲೈನ ಕೊಳೆಯನ್ನು ಸುಲಭವಾಗಿ ಔಟ್‌ಪುಟ್‌ಗೆ ದಾಟಿಸುತ್ತದೆ. ಎಲ್‌ಎಂ317 ವೋಲ್ಟೇಜ್ ರೆಗ್ಯುಲೇಟರ್ ಬಳಸುವುದಾದರೆ ಅಡ್ಜಸ್ಟ್ ಪಿನ್ನಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದು ಡಿಸ್ಚಾರ್ಜ್ ಆಗುವಾಗ ರೆಗ್ಯುಲೇಟರ್ ಸುಡದಂತೆ ಒಂದು ಡಯೋಡ್. ಹಮ್ ಹುಡುಕುವಾಗ ಮೊದಲು ಆವರ್ತನ ನೋಡಿ. 50 ಹರ್ಟ್ಸ್ ಮೇನ್ಸ್ ಇದ್ದಲ್ಲಿ 100 ಹರ್ಟ್ಸ್ ಕಂಡರೆ ರೆಕ್ಟಿಫೈಯರ್ ಕಡೆಯ ರಿಪಲ್. ಬರೀ 50 ಆದರೆ ಮೇನ್ಸ್ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನೋ ಗ್ರೌಂಡ್ ಲೂಪನ್ನೋ ಅನುಮಾನಿಸಿ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಅನ್ನು ಇದ್ದಲ್ಲೇ ತಿರುಗಿಸಿದಾಗ ಹಮ್ ಏರಿಳಿದರೆ ಕ್ಷೇತ್ರದ್ದೇ ಕಾಟ. ಆಗ ಸಪ್ಲೈಯನ್ನು ಬೇರೆ ಪೆಟ್ಟಿಗೆಗೆ ಹಾಕುವುದೇ ಸರಿ.

ಕೊನೆಗೆ ಎಡ ಬಲ ಹೊಂದಿಸುವುದು. ಎರಡೂ ಬದಿಗೆ ಒಂದೇ 1 ಕಿಲೋಹರ್ಟ್ಸ್ ಟೋನ್ ಕೊಟ್ಟು, ಒಂದರ ಪೊಲಾರಿಟಿ ತಿರುಗಿಸಿ, ಮೋನೋ ಆಗಿ ಕೂಡಿಸಿ. ಉಳಿಯುವ ಸದ್ದು ಒಂದು ಬದಿಗಿಂತ 39 ಡೆಸಿಬೆಲ್ ಕೆಳಗಿದ್ದರೆ ಗೇನ್ ವ್ಯತ್ಯಾಸ 0.1 ಡೆಸಿಬೆಲ್‌ಗಿಂತ ಹೆಚ್ಚಿಲ್ಲ. ಅದೇ ಪರೀಕ್ಷೆಯನ್ನು 30 ಹರ್ಟ್ಸ್‌ನಲ್ಲೂ ಮಾಡಿ. ಅಲ್ಲಿ ಸದ್ದು ಹೆಚ್ಚು ಉಳಿದರೆ ಗೇನ್ ಹೊಂದಿಸುವ ಟ್ರಿಮ್‌ಪಾಟ್ ತಿರುಗಿಸಿ ಪ್ರಯೋಜನವಿಲ್ಲ. ಎರಡು ಬದಿಯ ಟ್ರಾನ್ಸ್‌ಫಾರ್ಮರ್‌ಗಳನ್ನೂ ಕಪ್ಲಿಂಗ್ ಕೆಪಾಸಿಟರ್‌ಗಳನ್ನೂ ಅಳೆದು ಜೋಡಿ ಮಾಡಬೇಕು.